ಅಜ್ಜಿ ಹಲ್ಲಿನ ಅಂಚು

ನಮ್ಮೂರಿನಲ್ಲಿ ಮನುಷ್ಯರು ಸಾಯುತ್ತಿದ್ದರು, ಯಂತ್ರಗಳು ಸಾಯುವಂತಿರಲಿಲ್ಲ. ಹಾಗೆಂದು ಯಾರು ಯಾವಾಗ ಗೊತ್ತುಮಾಡಿದರೋ ನನಗೆ ತಿಳಿಯದು. ನಾನು ಹುಟ್ಟುವ ಹೊತ್ತಿಗೆ ಅದು ಊಟಕ್ಕೆ ಮುಂಚೆ ಕೈ ತೊಳೆದುಕೊಳ್ಳುವಷ್ಟು ರೂಢಿಯಾಗಿಬಿಟ್ಟಿತ್ತು. ಒಂದು ಯಂತ್ರದ ಮೈ ಪೂರ್ತಿ ಕೆಟ್ಟು ಇನ್ನು ರಿಪೇರಿ ಸಾಧ್ಯವಿಲ್ಲ ಎಂದಾದ ಮೇಲೆ ಅದನ್ನು ಹಳೇ ಪೇಟೆಯ ಸೋಗಿನ ಮನೆಗೆ ತರುತ್ತಿದ್ದರು. ಅಲ್ಲಿದ್ದ ದೊಡ್ಡ ಯಂತ್ರ ಅಂದಿನಿಂದ ಅದರ ಸೋಗು ಹಾಕುತ್ತಿತ್ತು. ತೀರಿಕೊಂಡ ಯಂತ್ರ ಏನೇನು ಮಾಡುತ್ತಿತ್ತೋ ಅಷ್ಟನ್ನೂ ಅದೇ ರೀತಿಯಲ್ಲಿ, ಅದೇ ನಿಧಾನದಲ್ಲಿ, ಅದೇ ತಪ್ಪುಗಳೊಂದಿಗೆ ಮಾಡಿ ತೋರಿಸಬೇಕು. ಹಾಗೆ ಮಾಡುತ್ತಿರುವಷ್ಟು ದಿನ ಅದು ಬದುಕಿದೆ ಎಂದೇ ಲೆಕ್ಕ.

ನಾನು ಅಲ್ಲಿ ಕೆಲಸಕ್ಕೆ ಸೇರಿದಾಗ ದೊಡ್ಡ ಯಂತ್ರ ಒಟ್ಟು ಹದಿನಾಲ್ಕು ಸೋಗು ಹಾಕುತ್ತಿತ್ತು. ಸಿನೆಮಾ ಥಿಯೇಟರು ಮುಚ್ಚಿ ಹತ್ತಿಯ ಗೋದಾಮಾಗಿ ಹನ್ನೆರಡು ವರ್ಷವಾಗಿದ್ದರೂ ಮಧ್ಯಾಹ್ನ ಮೂರಕ್ಕೂ ಸಂಜೆ ಆರಕ್ಕೂ ಅದರ ಟಿಕೆಟು ಯಂತ್ರದ ಸೋಗಿನಲ್ಲಿ ಗುಲಾಬಿ ಬಣ್ಣದ ಟಿಕೆಟುಗಳು ಹೊರಬರುತ್ತಿದ್ದವು. ಸಂತೆಗೆ ಬಂದ ಹೆಂಗಸರು ಅವನ್ನು ಒಯ್ದು ಕುಂಕುಮದ ಭರಣಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಯಂತ್ರ, ಯಾರಾದರೂ ನಾಲ್ಕಂಕಿಯ ನಂಬರು ತಿರುಗಿಸಿದರೆ, ಯಾರೂ ಇಲ್ಲದ ಮನೆಗಳಲ್ಲಿ ಗಂಟೆ ಬಾರಿಸುತ್ತಿತ್ತು. ಪಕ್ಕದ ಮನೆಯವರು ಹೋಗಿ ಎತ್ತಿ, "ಅವರು ಇಲ್ರೀ, ತೀರಿಕೊಂಡ್ರು" ಎಂದು ಹೇಳಿ ಇಡುತ್ತಿದ್ದರು. ನಂಬರು ತಿರುಗಿಸಿದವರಿಗೂ ಅದು ಗೊತ್ತಿರುತ್ತಿತ್ತು. ಗಂಟೆ ಬಾರಿಸಿತಲ್ಲ, ಅಷ್ಟೇ ಅವರಿಗೆ ಬೇಕಿದ್ದದ್ದು.

ಈ ಹದಿನಾಲ್ಕರಲ್ಲಿ ಊರಿಗೆ ಅನ್ನ ಹಾಕುತ್ತಿದ್ದದ್ದು ನಕ್ಷೆ ಯಂತ್ರ. ನಮ್ಮದು ನೇಕಾರರ ಊರು. ಸೀರೆಯ ಅಂಚಿನಲ್ಲಿ ಸಾಲಾಗಿ ಗೋಪುರಗಳು ಬರುತ್ತವೆ. ಆ ಗೋಪುರಗಳ ನಕ್ಷೆಯನ್ನು ರಟ್ಟಿನ ಮೇಲೆ ತೂತು ತೂತಾಗಿ ಕೊರೆದು ಕೊಡುವುದು ಆ ಯಂತ್ರದ ಕೆಲಸ, ರಟ್ಟಿನಲ್ಲಿರುವ ತೂತಿನಂತೆ ಮಗ್ಗ ನೇಯುತ್ತದೆ. ನಕ್ಷೆ ಯಂತ್ರಕ್ಕೆ ಒಂದು ಕೊರತೆಯಿತ್ತು. ಊರಿಗೆ ಬಂದ ವರ್ಷವೇ ಸಿಡಿಲು ಬಡಿದು ಅದರೊಳಗಿನ ಭಿನ್ನರಾಶಿ ಮಾಡುವ ಭಾಗ ಸುಟ್ಟುಹೋಗಿತ್ತು. ಅರ್ಧ, ಕಾಲು, ಮುಕ್ಕಾಲು ಯಾವುದೂ ಅದಕ್ಕೆ ತಿಳಿಯದು. ಅರ್ಧ ಎಳೆ ಬಂದಲ್ಲೆಲ್ಲ ಅದು ಬಿಟ್ಟುಬಿಡುತ್ತಿತ್ತು. ಹಾಗೆ ಬಿಟ್ಟು ಬಿಟ್ಟು, ಹತ್ತೊಂಬತ್ತನೆಯ ಗೋಪುರಕ್ಕೆ ಬರುವಾಗ ಲೆಕ್ಕ ತಪ್ಪಿ, ಆ ಒಂದು ಗೋಪುರ ಎಡಕ್ಕೆ ವಾಲುತ್ತಿತ್ತು. ಊರವರು ಅದಕ್ಕೆ ಅಜ್ಜಿ ಹಲ್ಲು ಎಂದು ಹೆಸರಿಟ್ಟಿದ್ದರು. ಪರಸ್ಥಳದಲ್ಲಿ ನಮ್ಮೂರ ಹೆಂಗಸರು ಎದುರಾದರೆ ಮೊದಲು ನೋಡುವುದು ಮುಖವನ್ನಲ್ಲ, ಅಂಚನ್ನು.

ನನಗೆ ಕೆಲಸ ಕಲಿಸಿದವರು ತೋಟಪ್ಪ ಮಾಸ್ತರು. ಸೋಗಿನ ಮನೆ ಅವರದೇ ಕೈಯಲ್ಲಿ ಬೆಳೆದದ್ದು. ಬಿಳಿ ಟೋಪಿ, ಮೂಗಿನ ತುದಿಯಲ್ಲಿ ನಶ್ಯದ ಕಲೆ, ಕಿವಿಗೆ ಸಿಕ್ಕಿಸಿದ ಕೆಂಪು ಪೆನ್ಸಿಲ್ಲು. ಬೆಳಿಗ್ಗೆ ಎಂಟಕ್ಕೆ ಬಂದು ದೊಡ್ಡ ಯಂತ್ರವನ್ನು ಎಬ್ಬಿಸುತ್ತಿದ್ದರು. ಎಬ್ಬಿಸುವುದೆಂದರೆ ಗುಂಡಿ ಒತ್ತುವುದಲ್ಲ. ದಿನಾ ಮುಂಜಾನೆ ಅದಕ್ಕೆ ಹದಿನಾಲ್ಕು ಯಂತ್ರಗಳ ಹೆಸರು ಹೇಳಿ, ಇಂಥದ್ದಕ್ಕೆ ಏನೇನು ಬರುತ್ತದೆ, ಏನು ಬರುವುದಿಲ್ಲ ಎಂದು ಒಂದೊಂದಾಗಿ ತಿಳಿಸಬೇಕು. ಇದಕ್ಕೆ ಕೂಡಿಸಲು ಬರುತ್ತದೆ, ಕಳೆಯಲು ಬರುತ್ತದೆ, ಗುಣಿಸಲು ಬರುತ್ತದೆ, ಇಷ್ಟು ನೆನಪಿಟ್ಟುಕೊಳ್ಳಲು ಬರುತ್ತದೆ, ಹೀಗೆ. ಇದೆಲ್ಲ ರಟ್ಟಿನ ಚೀಟಿಗಳಲ್ಲಿತ್ತು. ಯಂತ್ರಕ್ಕೊಂದರಂತೆ ಹದಿನಾಲ್ಕು ಕಟ್ಟಿಗೆ ಪೆಟ್ಟಿಗೆ. ಮಾಸ್ತರು ಒಂದೊಂದೇ ಪೆಟ್ಟಿಗೆ ತೆಗೆದು, ಚೀಟಿಯ ಮೇಲೆ ಕೈಯಾಡಿಸಿ, ಯಂತ್ರಕ್ಕೆ ತಿನ್ನಿಸುತ್ತಿದ್ದರು. ಎಲ್ಲ ಮುಗಿಯುವಾಗ ಹತ್ತೂವರೆ.

ಮೂವತ್ತು ವರ್ಷದಲ್ಲಿ ಹೊಸ ಯಂತ್ರ ಸೇರಿದಾಗೆಲ್ಲ ಅವರು ಹಿಂದಿನ ಪೆಟ್ಟಿಗೆಯನ್ನೇ ನಕಲು ಮಾಡಿ, ನಾಲ್ಕೈದು ಚೀಟಿ ಬದಲಿಸಿ, ಹೊಸ ಪೆಟ್ಟಿಗೆ ಕಟ್ಟಿದ್ದರು. ಕೂಡಿಸಲು ಬರುತ್ತದೆ ಎಂಬ ಒಂದೇ ಮಾತು ಹದಿನಾಲ್ಕು ಕಡೆ ಇತ್ತು. ನಾನು ಒಮ್ಮೆ ಕೇಳಿದೆ, "ಮಾಸ್ತರ, ಎಲ್ಲಾದಕ್ಕೂ ಬರೂದನ್ನ ಒಂದ ಪೆಟಿಗ್ಯಾಗ ಇಟ್ಟು ಒಂದ ಸಲ ಹೇಳಿದ್ರ ಸಾಕಲ್ಲೇನ್ರಿ?"

ಅವರು ನಶ್ಯದ ಡಬ್ಬಿ ಮುಚ್ಚಿ ನಕ್ಕರು. "ಸಾಕು ತಂಗಿ. ಆದರ ಹದಿನಾಲ್ಕು ಮಂದಿ ಮನಿಗೆ ಬಂದ್ರ ನೀರು ಬೇಕೇನು ಅಂತ ಒಬ್ಬೊಬ್ಬರನ್ನ ಕೇಳತೀವೋ, ಎಲ್ಲಾರನ್ನೂ ಕೂಡಿಸಿ ಒಮ್ಮಿಗೇ ಕೇಳತೀವೋ?"

ಇದೆಂಥ ಉತ್ತರ ಎಂದುಕೊಂಡೆ. ನನಗಾಗ ಇಪ್ಪತ್ತೈದು. ಮಾಸ್ತರು ಅದಾದ ಮರುವರ್ಷ ತೀರಿಕೊಂಡರು. ಹದಿನಾಲ್ಕು ಯಂತ್ರಗಳನ್ನು ಸಾಯದಂತೆ ಇಟ್ಟವರನ್ನು ಇಟ್ಟುಕೊಳ್ಳುವ ಪೆಟ್ಟಿಗೆ ಊರಿನಲ್ಲಿ ಇರಲಿಲ್ಲ. ಅವರ ಕುರ್ಚಿಯಲ್ಲಿ ಕುಳಿತು ನಾನು ಒಂದು ವಾರ ಅತ್ತೆ. ಆಮೇಲೆ ಅವರಂತೆಯೇ ಎಂಟಕ್ಕೆ ಬಂದು, ಹತ್ತೂವರೆಯವರೆಗೆ ಚೀಟಿ ತಿನ್ನಿಸಲು ಶುರುಮಾಡಿದೆ.

ನಾಲ್ಕು ವರ್ಷ ಹಾಗೇ ನಡೆಯಿತು. ಆಗ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳ ಹೆಸರು ಕೂಗುತ್ತಿದ್ದ ಯಂತ್ರ ಕೆಟ್ಟಿತು. ನಿಂತುಹೋದ ರೂಟುಗಳ ಹೆಸರನ್ನೂ ಬಿಡದೆ ಕೂಗುತ್ತಿದ್ದ ಅದನ್ನು ಊರಿಗೆ ಊರೇ ಪ್ರೀತಿಸುತ್ತಿತ್ತು. ಸೋಗಿನ ಮನೆಯ ಹಿರಿಯರಾದ ಕುಬೇರಪ್ಪನವರು ಬಂದು ಪೆಟ್ಟಿಗೆಗಳ ಸಾಲು ನೋಡಿದರು. ಕಪಾಟಿನಲ್ಲಿ ಹದಿನೈದನೆಯದಕ್ಕೆ ಜಾಗವಿರಲಿಲ್ಲ, ಮುಂಜಾನೆಯಲ್ಲಿ ಹೊತ್ತೂ ಇರಲಿಲ್ಲ.

"ಕಸ್ತೂರಿ, ಏನರ ದಾರಿ ತಗೀ. ಇದನ್ನ ಹೊರಗ ನಿಲ್ಲಸೂ ಹಂಗಿಲ್ಲ" ಎಂದರು.

"ದಾರಿ ಐತಿ ಕಾಕಾ. ಮೂಗಿಗಿಂತ ಮೂಗುತಿ ಭಾರ ಆಗೈತಿ, ಅದನ್ನ ಇಳಸಬೇಕು" ಎಂದೆ. ನನಗೆ ಇದೇ ಬೇಕಾಗಿತ್ತು.

ಎರಡು ತಿಂಗಳು ಕೂತು ಹದಿನಾಲ್ಕೂ ಪೆಟ್ಟಿಗೆ ಬಿಚ್ಚಿದೆ. ಎಲ್ಲ ಯಂತ್ರಗಳಿಗೂ ಬರುವುದನ್ನು ಆಯ್ದು ಒಂದು ಪೆಟ್ಟಿಗೆಯಲ್ಲಿಟ್ಟೆ, ಅದಕ್ಕೆ ತಾಯಿಪಟ್ಟಿ ಎಂದು ಹೆಸರಿಟ್ಟೆ. ಉಳಿದಂತೆ ಪ್ರತಿ ಯಂತ್ರಕ್ಕೂ ಅಂಗೈಯಗಲದ ಒಂದು ಕಟ್ಟು. ಅದರಲ್ಲಿ ಮೇಲೆ ಯಂತ್ರದ ಹೆಸರು, ಕೆಳಗೆ ಅದರದೇ ವಿಶೇಷಗಳು. ಹದಿನೈದೂ ಕಟ್ಟು ಮೊದಲು ತಿನ್ನಿಸಬೇಕು, ಹೆಸರು ಗೊತ್ತಾದ ಮೇಲೆ ತಾಯಿಪಟ್ಟಿಯನ್ನು ಒಂದೇ ಸಲ ಎಲ್ಲರಿಗೂ ಸೇರಿಸಿ ಹೇಳಬೇಕು. ಎರಡೂವರೆ ತಾಸಿನ ಕೆಲಸ ಹನ್ನೆರಡು ನಿಮಿಷಕ್ಕೆ ಮುಗಿಯಿತು. ಟಿಕೆಟು ಬಂದವು, ಫೋನು ಗಂಟೆ ಬಾರಿಸಿತು, ಬಸ್ಸುಗಳ ಹೆಸರು ಕೂಗಿತು. ಹಳೆಯ ಪೆಟ್ಟಿಗೆಗಳ ಚೀಟಿಗಳನ್ನೆಲ್ಲ ಮನೆಗೆ ಹೊತ್ತುಕೊಂಡು ಹೋಗಿ, ಸ್ನಾನದ ಹಂಡೆಯ ಒಲೆಗೆ ಹಾಕಿದೆ. ಮಾಸ್ತರರ ಕೆಂಪು ಪೆನ್ಸಿಲ್ಲಿನ ಗುರುತುಗಳು ಮುರುಟಿ ಉರಿಯುವುದನ್ನು ನೋಡಿದಾಗ ಒಂದು ಚೂರು ಕಸಿವಿಸಿಯಾಯಿತು, ಇಲ್ಲವೆನ್ನುವುದಿಲ್ಲ. ಆದರೆ ನೀರು ಚೆನ್ನಾಗಿ ಕಾದಿತ್ತು. ಅವ್ವ ಹೊಗಳಿದಳು. ಕುಬೇರಪ್ಪನವರು ಶಾಲು ಹೊದಿಸಿದರು.

ಶಾಲು ಹೊದ್ದು ನಾಲ್ಕು ದಿನವಾಗಿತ್ತು. ಮುಂಜಾನೆ ಒಂಬತ್ತರ ಹೊತ್ತಿಗೆ ಹಾಲವ್ವ ಚಿಗವ್ವ ಸೋಗಿನ ಮನೆಯ ಬಾಗಿಲಲ್ಲಿ ಬಂದು ನಿಂತಳು. ನಮ್ಮ ಓಣಿಯ ನೇಕಾರ್ತಿ, ಅರವತ್ತು ದಾಟಿದವಳು. ಕೈಯಲ್ಲಿ ರಟ್ಟಿನ ಸುರುಳಿಯಿತ್ತು.

"ಕಸ್ತೂರಿ, ನಕ್ಷಿ ಯಂತ್ರಕ್ಕ ಏನ್ ಮಾಡಿದಿ?" ಎಂದಳು. ಧ್ವನಿ ಏರಿಸಲಿಲ್ಲ.

ಹಾಲವ್ವ ಚಿಗವ್ವನ ಅಕ್ಕ ಪಾರವ್ವ ತೀರಿಕೊಂಡು ವರ್ಷಕ್ಕೆ ಹತ್ತಿರವಾಗಿತ್ತು. ತೀರಿಕೊಂಡಾಗ ಆಕೆಯ ಮಗ್ಗದ ಮೇಲೆ ಒಂದು ಸೀರೆ ಅರ್ಧ ನೇಯ್ದು ನಿಂತಿತ್ತು. ನಮ್ಮೂರಿನಲ್ಲಿ ಅಂಥ ಸೀರೆಯನ್ನು ಒಡಹುಟ್ಟಿದವರೋ ಮಕ್ಕಳೋ ವರ್ಷ ತುಂಬುವುದರೊಳಗೆ ಮುಗಿಸಿ, ವರ್ಷದ ದಿನ ಉಡಬೇಕು. ಆಗದಿದ್ದರೆ ಮಗ್ಗದಿಂದ ಕತ್ತರಿಸಿ ಹೊಳೆಗೆ ಬಿಡುತ್ತಾರೆ. ಹನ್ನೊಂದು ತಿಂಗಳು ಹಾಲವ್ವ ಚಿಗವ್ವನಿಗೆ ಅಕ್ಕನ ಮಗ್ಗದಲ್ಲಿ ಕೂರುವ ಧೈರ್ಯ ಬಂದಿರಲಿಲ್ಲ. ದಿನಾ ಹೋಗಿ ದೂಳು ಒರೆಸಿ ಬರುತ್ತಿದ್ದಳು. ಅಷ್ಟರಲ್ಲಿ ಅಕ್ಕನ ರಟ್ಟುಗಳನ್ನು ಇಲಿ ತಿಂದಿದ್ದವು. ಮೂರು ದಿನದ ಕೆಳಗೆ ಹೊಸ ರಟ್ಟು ಕೊರೆಸಿಕೊಂಡು ಹೋಗಿ, ಕಡೆಗೂ ಕೂತಿದ್ದಳು. ನಾನೇ ಕೊರೆದು ಕೊಟ್ಟಿದ್ದೆ.

"ಒಂದೂವರೆ ಗೇಣು ನೇಯ್ದೆ. ಅಜ್ಜಿ ಹಲ್ಲು ಬರಲೇ ಇಲ್ಲ. ಹತ್ತೊಂಬತ್ತನೇದು ನೆಟ್ಟಗ ನಿಂತೈತಿ. ಅಕ್ಕನ ಕಡಿ ವಾಲೈತಿ, ನನ್ನ ಕಡಿ ನೆಟ್ಟಗ. ಯಾರೋ ಬ್ಯಾರೆ ಊರಾಕಿ ಬಂದು ನೇಯ್ದಂಗ ಕಾಣತೈತಿ."

ನಾನು ಕೇಳಿದೆ, "ಬ್ಯಾರೆ ಯಾರದರ ಹಳೇ ರಟ್ಟು ಹಾಕಿದ್ರ?"

"ಒಂದೊಂದು ಮಗ್ಗದ ಎಳಿ ಲೆಕ್ಕ ಒಂದೊಂದು. ನಿನಗ ಗೊತ್ತಿಲ್ಲೇನು? ವರ್ಷ ತುಂಬಾಕ ಇನ್ನ ಆರು ದಿನ ಐತಿ ಕಸ್ತೂರಿ. ನನಗ ಅಕ್ಕನ ಜೋಡಿ ಆ ಸೀರಿ ಮುಗಸಬೇಕು. ಆಕೀನ ಹೊಳಿಗೆ ಬಿಡಾಕ ಆಗೂದಿಲ್ಲ."

ಆಕೀನ ಎಂದಳು, ಸೀರೆಯನ್ನ ಎನ್ನಲಿಲ್ಲ. ನಾನು ರಟ್ಟು ಬಿಡಿಸಿ ನೋಡಿದೆ. ನಕ್ಷೆ ಯಂತ್ರ ಅರ್ಧ, ಕಾಲು ಎಲ್ಲ ಲೆಕ್ಕ ಹಾಕಿ, ಒಂದು ಎಳೆಯೂ ಬಿಡದೆ, ಚೊಕ್ಕವಾಗಿ ಕೊರೆದಿತ್ತು. ಸೋಗು ತಪ್ಪಿತ್ತು. ಸೋಗು ತಪ್ಪಿದರೆ ಆ ಯಂತ್ರ ಸತ್ತಂತೆ. ಊರಿನ ಮೊಟ್ಟಮೊದಲ ಯಂತ್ರದ ಸಾವು ನನ್ನ ಕೈಯಿಂದ ಆಗಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿ ಕೂತಿದ್ದೆ.

ಕುಬೇರಪ್ಪನವರಿಗೆ ಹೇಳಿಕಳಿಸಿದೆ. ಅವರು ಬಂದು ಕನ್ನಡಕ ಏರಿಸಿ ರಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. "ಅಲ್ಲವಾ ಹಾಲವ್ವ, ಇದು ಚಂದ ಐತೆಲ್ಲ? ಅಜ್ಜಿ ಹಲ್ಲು ಅನ್ನೂದು ಎಂದಿದ್ರೂ ಊನಾನ. ಇಷ್ಟು ವರ್ಷಕ್ಕ ಸರಿ ಆತು ಅಂದ್ಕೊಳ್ಳೂಣು."

ಹಾಲವ್ವ ಚಿಗವ್ವ ಅವರನ್ನೇ ನೋಡಿದಳು. "ಕುಬೇರಪ್ಪ, ನಿನ್ನ ಹೇಣ್ತಿ ಸಣ್ಣಾಕಿದ್ದಾಗಿಂದ ಕುಂಟತಿದ್ದಳು. ನಾಳೆ ಯಾರರ ಕಾಲು ನೆಟ್ಟಗಿದ್ದಾಕಿನ ತಂದು ನಿಲ್ಲಿಸಿ, ತಗೋ, ಸರಿ ಆತು ಅಂದ್ರ, ಒಳಗ ಕರಕೋತಿಯೇನು?"

ಕುಬೇರಪ್ಪನವರ ಹೆಂಡತಿ ಹೋಗಿ ಏಳು ವರ್ಷವಾಗಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಕಸ್ತೂರಿ, ಅದನ್ನ ಮೊದಲಿನಂಗ ಮಾಡವಾ" ಎಂದು ಹೇಳಿ ಹೊರಟುಹೋದರು.

ಮೊದಲಿನಂತೆ ಮಾಡಲು ಮೊದಲಿನ ಚೀಟಿಗಳು ಬೇಕು. ಅವು ನಮ್ಮವ್ವನ ಒಲೆಯಲ್ಲಿ ಬೂದಿಯಾಗಿದ್ದವು, ಆ ಬೂದಿಯಲ್ಲಿ ಪಾತ್ರೆಯೂ ತಿಕ್ಕಿಯಾಗಿತ್ತು. ನಕ್ಷೆ ಯಂತ್ರದ ಸಣ್ಣ ಕಟ್ಟನ್ನು ಬಿಚ್ಚಿದೆ. ಭಿನ್ನರಾಶಿ ಬರುವುದಿಲ್ಲ ಎಂಬ ಚೀಟಿಯನ್ನು ನಾನು ಬಿಟ್ಟುಬಿಟ್ಟಿರಬೇಕು ಎಂದುಕೊಂಡಿದ್ದೆ. ಇಲ್ಲ, ಚೀಟಿ ಇತ್ತು. ಮಾಸ್ತರರ ಪೆಟ್ಟಿಗೆಯಿಂದ ನೋಡಿಕೊಂಡು ನಾನೇ ಬರೆದ ಚೀಟಿ, ಅಕ್ಷರಕ್ಕೆ ಅಕ್ಷರ ಸರಿಯಾಗಿತ್ತು. ಬರುವುದಿಲ್ಲ ಎಂದು ಹೇಳಿದ್ದೇವೆ, ಆದರೂ ಅದಕ್ಕೆ ಬರುತ್ತಿದೆ. ಚೀಟಿ ಹೊಸದಾಗಿ ಬರೆದೆ, ಎರಡು ಸಲ ತಿನ್ನಿಸಿದೆ, ಯಂತ್ರವನ್ನು ಮಲಗಿಸಿ ಎಬ್ಬಿಸಿದೆ. ಹತ್ತೊಂಬತ್ತನೆಯ ಗೋಪುರ ನೆಟ್ಟಗೆ ನಿಂತೇ ಇತ್ತು. ಹೀಗೆ ಎರಡು ದಿನ ಹೋಯಿತು. ಮಾಸ್ತರರ ಕುರ್ಚಿಯಲ್ಲಿ ಕೂರಲು ನಾಚಿಕೆಯಾಗಿ ನೆಲದ ಮೇಲೆ ಕೂತೆ. ಅವರೊಬ್ಬರಿದ್ದಿದ್ದರೆ ಎಂದು ಎಷ್ಟು ಸಲ ಅಂದುಕೊಂಡೆನೋ.

ಮೂರನೆಯ ದಿನ ಮುಂಜಾನೆ ಹಾಲವ್ವ ಚಿಗವ್ವನ ಮನೆಗೆ ಹೋದೆ, ಆಗಲಿಲ್ಲ ಎಂದು ಹೇಳಲು. ಆಕೆ ಅಕ್ಕನ ಮಗ್ಗದ ಮುಂದೆ ಕೂತು, ತಾನು ನೇಯ್ದ ಒಂದೂವರೆ ಗೇಣನ್ನು ಒಂದೊಂದೇ ಎಳೆ ಬಿಚ್ಚುತ್ತಿದ್ದಳು. ಬಿಚ್ಚಿದ ಕೆಂಪು ನೂಲು ಪಕ್ಕದಲ್ಲಿ ಗುಪ್ಪೆಯಾಗಿ ಬಿದ್ದಿತ್ತು.

"ಬಾ. ನಾ ಇಲ್ಲೆ ಬಿಚ್ಚತೀನಿ, ನೀ ಅಲ್ಲೆ ಬಿಚ್ಚು" ಎಂದಳು. ಅಳು ತಡೆದುಕೊಳ್ಳಲಾಗದೆ ನಾನು ಅಂಗಳಕ್ಕೆ ಬಂದೆ. ಸುಮ್ಮನೆ ನಿಲ್ಲಲಾರದೆ ಕಸಬರಿಗೆ ತೆಗೆದುಕೊಂಡು ಅಂಗಳ ಗುಡಿಸಿದೆ. ಗುಡಿಸಿ, ಜಗುಲಿಯ ಮೇಲಿದ್ದ ಜೋಳದ ಮೊರ ಕಂಡಿತು, ಅದನ್ನೂ ಎತ್ತಿಕೊಂಡು ಅಲ್ಲೇ ನಿಂತು ಕೇರತೊಡಗಿದೆ. ಹೊಟ್ಟು ಗುಡಿಸಿದ ನೆಲದ ಮೇಲೆಲ್ಲ ಹಾರಿ ಬಿತ್ತು.

ಹಾಲವ್ವ ಚಿಗವ್ವ ಕಿಟಕಿಯಿಂದ ನೋಡಿ ನಕ್ಕಳು, ಮೂರು ದಿನದಲ್ಲಿ ಮೊದಲ ಸಲ. "ಏನ್ ಶಾಣ್ಯಾಕಿ ಇದ್ದೀಯವಾ. ಕಸಾ ಹೊಡದು ಆಮ್ಯಾಲೆ ಕೇರತಾರೇನು? ಕೇರಿ ಆಮ್ಯಾಲೆ ಕಸಾ ಹೊಡೀತಾರು. ನಿಮ್ಮವ್ವ ಇಷ್ಟೂ ಕಲಿಸಿಲ್ಲೇನು?"

ಮೊರ ಕೈಯಲ್ಲಿ ಹಾಗೆಯೇ ಉಳಿಯಿತು. ನಾನು ಮಾಡಿದ್ದೂ ಅದನ್ನೇ. ಸಣ್ಣ ಕಟ್ಟನ್ನು ಮೊದಲು ತಿನ್ನಿಸಿ ಭಿನ್ನರಾಶಿಯನ್ನು ಗುಡಿಸಿ ಹಾಕಿದ್ದೆ, ಆಮೇಲೆ ತಾಯಿಪಟ್ಟಿ ಹೇಳಿ ಎಲ್ಲರಿಗೂ ಎಲ್ಲವನ್ನೂ ಕಲಿಸಿದ್ದೆ. ಅದರಲ್ಲಿ ಭಿನ್ನರಾಶಿಯೂ ಇತ್ತು, ಹಳೆಯ ಹದಿನಾಲ್ಕೂ ಪೆಟ್ಟಿಗೆಗಳಲ್ಲಿ, ನಕ್ಷೆ ಯಂತ್ರದ್ದರಲ್ಲೂ, ಅದು ಬರುತ್ತದೆ ಎಂಬ ಚೀಟಿ ಇತ್ತಲ್ಲ. ಮರೆತ ಮರುಕ್ಷಣವೇ ಅದು ಮತ್ತೆ ಕಲಿತಿತ್ತು. ಬೇರೆ ಯಂತ್ರಗಳ ಕಟ್ಟುಗಳಲ್ಲಿ ಬರುತ್ತದೆ ಎಂಬ ಚೀಟಿಗಳಷ್ಟೇ ಇದ್ದವು, ಹಾಗಾಗಿ ಅವಕ್ಕೆ ಏನೂ ಆಗಿರಲಿಲ್ಲ. ಬರುವುದಿಲ್ಲ ಎಂಬ ಚೀಟಿ ಇದ್ದದ್ದು ನಕ್ಷೆ ಯಂತ್ರಕ್ಕೆ ಮಾತ್ರ. ಮಾಸ್ತರರ ಪೆಟ್ಟಿಗೆಯಲ್ಲಿ ಅದು ಎಲ್ಲಿರುತ್ತಿತ್ತು ಎಂದು ಆಗ ನೆನಪಾಯಿತು. ಎಲ್ಲಕ್ಕಿಂತ ಕೆಳಗೆ, ಕಟ್ಟಕಡೆಗೆ. ನಾಲ್ಕು ವರ್ಷ ದಿನಾ ಅದನ್ನು ಕೊನೆಯಲ್ಲಿ ನನ್ನ ಕೈಯಿಂದಲೇ ತಿನ್ನಿಸಿದ್ದೆ. ಯಾಕೆ ಕೊನೆಯಲ್ಲಿ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಆ ಯಂತ್ರ ಹುಟ್ಟುವಾಗ ಎಲ್ಲ ಕಲಿತೇ ಹುಟ್ಟಿತ್ತು. ಸಿಡಿಲು ಬಡಿದದ್ದು ಆಮೇಲೆ. ಮಾಸ್ತರು ದಿನಾ ಮುಂಜಾನೆ ಅದಕ್ಕೆ ಎಲ್ಲವನ್ನೂ ಕಲಿಸಿ, ಕಡೆಗೆ ಆ ಸಿಡಿಲನ್ನೂ ಬಡಿಸುತ್ತಿದ್ದರು. ಅದು ಬದುಕಿದ ಕ್ರಮದಲ್ಲೇ ಅದನ್ನು ಬದುಕಿಸುತ್ತಿದ್ದರು.

"ಚಿಗವ್ವಾ, ಹೊತ್ತು ಮುಳುಗೂದ್ರಾಗ ರಟ್ಟು ತಂದು ಕೊಡ್ತೀನಿ" ಎಂದು ಕೂಗಿ ಓಡಿದೆ. ಮೊರವನ್ನೂ ತೆಗೆದುಕೊಂಡೇ ಓಡಿದ್ದೆ ಎಂದು ಆಮೇಲೆ ಗೊತ್ತಾಯಿತು.

ಕಟ್ಟುಗಳನ್ನೆಲ್ಲ ಬಿಚ್ಚಿ ಎರಡು ಪಾಲು ಮಾಡಿದೆ. ಮೊದಲು ಹದಿನೈದು ಯಂತ್ರಗಳ ಹೆಸರು. ಆಮೇಲೆ ತಾಯಿಪಟ್ಟಿ ಒಂದು ಸಲ. ಕಡೆಗೆ ಅವರವರ ವಿಶೇಷ. ಬರುವುದಿಲ್ಲ ಎಂಬ ಆ ಒಂದು ಚೀಟಿ ಎಲ್ಲದರ ತುದಿಯಲ್ಲಿ. ಹನ್ನೆರಡರ ಬದಲು ಹದಿನಾರು ನಿಮಿಷ ಹಿಡಿಯಿತು. ನಕ್ಷೆ ಯಂತ್ರ ಕೊರೆಯಲು ಶುರುಮಾಡಿದಾಗ ಪಕ್ಕದಲ್ಲಿ ನಿಂತು ಗೋಪುರ ಎಣಿಸಿದೆ. ಹದಿನೇಳು, ಹದಿನೆಂಟು. ಹತ್ತೊಂಬತ್ತನೆಯದು ಬಂದು, ತಡವರಿಸಿ, ಎಡಕ್ಕೆ ವಾಲಿತು. ನಾನು ಆ ಬಿಸಿ ರಟ್ಟನ್ನು ಎದೆಗವಚಿಕೊಂಡು ಚಿಕ್ಕ ಹುಡುಗಿಯಂತೆ ಅತ್ತೆ. ಯಂತ್ರ ಬದುಕಿತು ಎಂದು ಅತ್ತೆನೋ, ಮಾಸ್ತರಿಲ್ಲ ಎಂದು ಅತ್ತೆನೋ, ಇವತ್ತಿಗೂ ಹೇಳಲಾರೆ. ಆಮೇಲೆ ಹೋಗಿ ಅವರ ಕುರ್ಚಿಯಲ್ಲಿ ಕುಳಿತುಕೊಂಡೆ.

ಹಾಲವ್ವ ಚಿಗವ್ವ ಮೂರು ದಿನ ಮಗ್ಗ ಬಿಟ್ಟು ಏಳಲಿಲ್ಲ. ಓಣಿಯವರು ಸರದಿಯ ಮೇಲೆ ರೊಟ್ಟಿ ಪಲ್ಯ ಒಯ್ದು ಕೊಟ್ಟೆವು. ಬಿಚ್ಚಿದ ಆ ಕೆಂಪು ನೂಲನ್ನು ನಾನು ಕೇಳಿ ಇಸಿದುಕೊಂಡೆ. ಎಷ್ಟು ಎಳೆದರೂ ಅದು ನೆಟ್ಟಗಾಗಲಿಲ್ಲ, ಒಮ್ಮೆ ನೇಯ್ದ ಅಂಕುಡೊಂಕು ಅದರಲ್ಲಿ ಉಳಿದುಬಿಟ್ಟಿತ್ತು. ಅದರಿಂದಲೇ ಆ ಕೊನೆಯ ಚೀಟಿಯನ್ನು ಕಟ್ಟಿ ಇಟ್ಟೆ.

ಇದೆಲ್ಲ ಆಗಿ ಮೂವತ್ತೊಂದು ವರ್ಷ. ಈಗ ಸೋಗಿನ ಮನೆಯಲ್ಲಿ ಇಪ್ಪತ್ತಾರು ಯಂತ್ರಗಳಿವೆ, ಕುಬೇರಪ್ಪನವರಿಲ್ಲ, ಹಾಲವ್ವ ಚಿಗವ್ವನೂ ಇಲ್ಲ. ನನ್ನ ಕೆಲಸ ಬೇರೆಯವರು ಮಾಡುತ್ತಾರೆ. ನನ್ನ ತಾಯಿಪಟ್ಟಿಯನ್ನೂ ಮುರಿದು ಇನ್ನೂ ಚಿಕ್ಕದು ಮಾಡಿದ್ದಾರಂತೆ, ಮಾಡಲಿ. ನಾನು ಬೆಳಿಗ್ಗೆ ಹೊತ್ತು ಹೋಗದಾಗ ಹೋಗಿ ಬಾಗಿಲಲ್ಲಿ ಕೂತು, ಕೊನೆಯ ಚೀಟಿ ಕೊನೆಗೇ ಹೋಯಿತೇ ಎಂದು ನೋಡಿಕೊಂಡು ಬರುತ್ತೇನೆ. ಅವರು ನಗುತ್ತಾರೆ.

ಆದರೆ ನನಗೆ ಹೆಚ್ಚಾಗಿ ನೆನಪಾಗುವುದು ಪಾರವ್ವನ ವರ್ಷದ ದಿನ. ಮಧ್ಯಾಹ್ನ ಊಟವಾದ ಮೇಲೆ ಹಾಲವ್ವ ಚಿಗವ್ವ ಆ ಸೀರೆ ಉಟ್ಟು ಸೋಗಿನ ಮನೆಗೆ ಬಂದಳು. ಬಿಸಿಲಲ್ಲಿ ನಿಂತು ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು.

"ಹೇಳು ನೋಡೂಣು, ಅಕ್ಕ ಎಲ್ಲಿ ಮುಗಸ್ಯಾಳ, ನಾ ಎಲ್ಲಿಂದ ಶುರು ಮಾಡೇನಿ?"

ಬಗ್ಗಿ, ಅಂಚಿನುದ್ದಕ್ಕೂ ಬೆರಳಾಡಿಸಿ ಹುಡುಕಿದೆ. ಸೆರಗಿನಿಂದ ನೆರಿಗೆಯವರೆಗೆ ಹೋದೆ, ಮತ್ತೆ ಹಿಂದಕ್ಕೆ ಬಂದೆ. ಹತ್ತೊಂಬತ್ತಕ್ಕೊಂದರಂತೆ ಅಜ್ಜಿ ಹಲ್ಲುಗಳು ವಾಲಿಕೊಂಡು ಸಾಲಾಗಿ ಹೋಗಿದ್ದವು. ಎಲ್ಲಿಯೂ ಗುರುತು ಸಿಗಲಿಲ್ಲ. ಸೋತೆ ಚಿಗವ್ವಾ, ನೀವೇ ತೋರಸ್ರಿ ಎಂದೆ, ನಗುತ್ತ.

ಆಕೆಯೂ ನಗುತ್ತಲೇ ಇದ್ದಳು, ಆದರೆ ಕಣ್ಣು ತುಂಬಿ ಬಂದಿದ್ದವು.

"ನನಗೂ ಸಿಗವಲ್ದು ಕಸ್ತೂರಿ" ಎಂದಳು. "ಮುಂಜಾನಿಂದ ಹುಡುಕಾಕತ್ತೀನಿ."